ಬೂಟ್ ಕ್ರ್ಯಾಶ್ ಆದಾಗ ಅಡ್ರೆಸ್ ಹಿಡಿದು ಹೋಗಿ

ನನ್ನ ಬೋರ್ಡು ಆರ್ಮ್64 (64 ಬಿಟ್ ಆರ್ಮ್ ಪ್ರೊಸೆಸರ್), ರ್‍ಯಾಮ್ 2 ಜಿಬಿ. ಹಳೇ ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳು) ಸಲೀಸಾಗಿ ಓಡುತ್ತಿತ್ತು. ಹೊಸ ಕರ್ನಲ್ ಹಾಕಿದ ಮೇಲೆ ಬೂಟ್ ಅರ್ಧಕ್ಕೇ ನಿಲ್ಲತೊಡಗಿತು. ಅದೂ ಪ್ರತಿ ಸಲ ಒಂದೇ ಕಡೆ ಅಲ್ಲ. ಒಮ್ಮೆ ಯುಎಸ್‌ಬಿ ಡ್ರೈವರ್‌ನಲ್ಲಿ, ಒಮ್ಮೆ ಫೈಲ್‌ಸಿಸ್ಟಂ ಮೌಂಟ್ ಆಗುವಾಗ, ಒಮ್ಮೆ ಪರದೆಯಲ್ಲಿ ಏನೂ ಬಾರದೆ. ಕೋಡ್‌ನಲ್ಲಿ ಒಂದು ಪ್ರಿಂಟ್ ಸಾಲು ಸೇರಿಸಿದರೆ ಸಾಕು, ಕ್ರ್ಯಾಶ್ ಬೇರೆಲ್ಲೋ ಆಗುತ್ತಿತ್ತು. ಹೀಗೆ ಜಾಗ ಬದಲಿಸುವ ಕ್ರ್ಯಾಶ್ ಕಂಡರೆ ಡ್ರೈವರ್ ಕೋಡ್ ಓದುತ್ತಾ ಕೂರಬೇಡಿ. ಮೆಮೊರಿ ಕಡೆ ತಿರುಗಿ.

ಮೊದಲು ಬೇಕಾದದ್ದು ಸೀರಿಯಲ್ ಪೋರ್ಟ್ (ಬೋರ್ಡಿನ ಸಂದೇಶಗಳನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸುವ ತಂತಿ ಸಂಪರ್ಕ) ಮತ್ತು 'ಅರ್ಲಿಕಾನ್' ಅನ್ನುವ ಬೂಟ್ ಆಯ್ಕೆ. ಮಾಮೂಲಿ ಕನ್ಸೋಲ್ ಶುರುವಾಗುವ ಮೊದಲೇ ಕರ್ನಲ್ ಸತ್ತರೆ, ಅದರ ಮಾತು ಕೇಳಿಸುವುದು ಅರ್ಲಿಕಾನ್‌ನಿಂದಲೇ. ಜೊತೆಗೆ ಬೂಟ್ ಆಯ್ಕೆಗಳಲ್ಲಿ 'ಮೆಮ್‌ಬ್ಲಾಕ್=ಡಿಬಗ್' ಹಾಗೂ 'ನೋಕೆಎಎಸ್ಎಲ್ಆರ್' ಹಾಕಿಕೊಂಡೆ. ಮೊದಲನೆಯದು ಮೆಮೊರಿ ಲೆಕ್ಕವನ್ನು ಲಾಗ್‌ನಲ್ಲಿ ತೋರಿಸುತ್ತದೆ. ಎರಡನೆಯದು ಕರ್ನಲ್ ತನ್ನ ಅಡ್ರೆಸ್‌ಗಳನ್ನು ಪ್ರತಿ ಬೂಟ್‌ಗೆ ಬದಲಿಸದಂತೆ ತಡೆಯುತ್ತದೆ, ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಬೂಟ್ ಶುರುವಿನಲ್ಲಿ ಕರ್ನಲ್ ಹತ್ತಿರ ಮಾಮೂಲಿ ಅಲೊಕೇಟರ್ (ಕೇಳಿದವರಿಗೆ ಮೆಮೊರಿ ಹಂಚುವ ಭಾಗ) ಇರುವುದಿಲ್ಲ. ಆಗ ಲೆಕ್ಕ ಇಡುವುದು ಮೆಮ್‌ಬ್ಲಾಕ್. ಅದರ ಬಳಿ ಮುಖ್ಯವಾಗಿ ಎರಡು ಪಟ್ಟಿ: ಇರುವ ಮೆಮೊರಿ ಯಾವುದು, ಅದರಲ್ಲಿ ಮುಟ್ಟಬಾರದ್ದು ಯಾವುದು. ಆಮೇಲೆ ಖಾಲಿ ಅಂತ ಉಳಿದ ಪೇಜುಗಳೆಲ್ಲ (ಮೆಮೊರಿಯ ಸಣ್ಣ ತುಂಡುಗಳು) ಒಟ್ಟಿಗೆ 'ಬಡಿ' ಅನ್ನುವ ಆ ಮಾಮೂಲಿ ಅಲೊಕೇಟರ್ ಕೈಗೆ ಹೋಗುತ್ತವೆ. ಪಟ್ಟಿಯಲ್ಲಿ ತಪ್ಪಿದ್ದರೆ ಅದು ಆ ಕ್ಷಣ ಗೊತ್ತಾಗುವುದಿಲ್ಲ. ಎಷ್ಟೋ ಹೊತ್ತಿನ ನಂತರ, ಆ ಕೆಟ್ಟ ಪೇಜ್ ಯಾರ ಪಾಲಿಗೆ ಬರುತ್ತದೋ ಅವರ ತಲೆಗೆ ಕಟ್ಟುತ್ತದೆ. ಯುಎಸ್‌ಬಿ ಡ್ರೈವರ್‌ಗೆ ಆಗಿದ್ದೂ ಅದೇ, ಪಾಪ.

ಲಾಗ್‌ನಲ್ಲಿ ಎರಡು ಥರದ ದೋಷ ಬರುತ್ತಿದ್ದವು. ಒಂದು ಎಸ್‌ಎರರ್. ಇದರಲ್ಲಿ ತಪ್ಪು ನಡೆದದ್ದು ಒಂದು ಹೊತ್ತು, ಸಿಪಿಯುಗೆ ಸುದ್ದಿ ಮುಟ್ಟುವುದು ಇನ್ನೊಂದು ಹೊತ್ತು. ಹಾಗಾಗಿ ಅದರ ಬ್ಯಾಕ್‌ಟ್ರೇಸ್ (ಆಗ ಯಾವ ಯಾವ ಫಂಕ್ಷನ್ ಓಡುತ್ತಿತ್ತು ಅನ್ನುವ ಪಟ್ಟಿ) ನಂಬುವಂತಿಲ್ಲ. ಇನ್ನೊಂದು ಸಿಂಕ್ರೋನಸ್ ಎಕ್ಸ್‌ಟರ್ನಲ್ ಅಬಾರ್ಟ್, ಕೋಡ್ 96000010 (ಈ ಕೋಡ್ ಮತ್ತು ಮುಂದಿನ ಅಡ್ರೆಸ್‌ಗಳೆಲ್ಲ ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆಗಳು). ಇದು ಬಂಗಾರದಂಥ ಸುಳಿವು. ಈ ಸಂಖ್ಯೆಯನ್ನು ಬಿಡಿಸಿದರೆ ಕೊನೆಯ ಆರು ಬಿಟ್‌ಗಳಲ್ಲಿ ಹೆಕ್ಸ್ 10 ಸಿಗುತ್ತದೆ. ಅಂದರೆ ಪೇಜ್ ಟೇಬಲ್‌ನಲ್ಲಿ (ಕೋಡ್ ಬಳಸುವ ವರ್ಚುವಲ್ ಅಡ್ರೆಸ್ಸನ್ನು ನಿಜವಾದ ಫಿಸಿಕಲ್ ಅಡ್ರೆಸ್ಸಿಗೆ ಹೊಂದಿಸುವ ಪಟ್ಟಿ) ಮ್ಯಾಪಿಂಗ್ ಸರಿಯಾಗಿಯೇ ಇದೆ, ಆದರೆ ಆ ಅಡ್ರೆಸ್ಸಿಗೆ ಹೋದ ಕೋರಿಕೆಯನ್ನು ಆಚೆಯ ಹಾರ್ಡ್‌ವೇರೇ ನಿರಾಕರಿಸಿದೆ. ನಲ್ ಪಾಯಿಂಟರ್ ಆಗಿದ್ದರೆ ಇಲ್ಲಿ ಬೇರೆ ಸಂಖ್ಯೆ ಇರುತ್ತಿತ್ತು.

ದೋಷದ ಅಡ್ರೆಸ್ ಹೀಗಿತ್ತು: ನಾಲ್ಕು ಎಫ್, ಆಮೇಲೆ 000018042000. 48 ಬಿಟ್ ವರ್ಚುವಲ್ ಅಡ್ರೆಸ್ ಇರುವ ಹೊಸ ಆರ್ಮ್64 ಕರ್ನಲ್‌ಗಳಲ್ಲಿ ಲೀನಿಯರ್ ಮ್ಯಾಪ್ (ಫಿಸಿಕಲ್ ಮೆಮೊರಿ ಸಾಲಾಗಿ ಕಾಣುವ ವರ್ಚುವಲ್ ಅಡ್ರೆಸ್ ಭಾಗ) ಶುರುವಾಗುವುದೇ ನಾಲ್ಕು ಎಫ್ ಮತ್ತು ಬರೀ ಸೊನ್ನೆಗಳಿಂದ. ನಮ್ಮ ರ್‍ಯಾಮ್ ಶುರುವಾಗುವುದು 80000000ಕ್ಕೆ. ಹಾಗಾದರೆ ಫಿಸಿಕಲ್ ಅಡ್ರೆಸ್ 80000000ಕ್ಕೆ 18042000 ಕೂಡಿದರೆ 98042000. ಲೆಕ್ಕ ಇಷ್ಟು ಸುಲಭ ಆಗಿದ್ದು 'ನೋಕೆಎಎಸ್ಎಲ್ಆರ್' ಹಾಕಿದ್ದರಿಂದ. ಇಲ್ಲದಿದ್ದರೆ ಲೀನಿಯರ್ ಮ್ಯಾಪ್‌ನ ಆರಂಭವೂ ಪ್ರತಿ ಬೂಟ್‌ಗೆ ಸರಿದಾಡಬಹುದು.

ಬೇರೆ ಬೇರೆ ಲಾಗ್‌ಗಳಿಂದ ಇದೇ ಲೆಕ್ಕ ಮಾಡಿದೆ. ಬ್ಯಾಕ್‌ಟ್ರೇಸ್‌ಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು, ಆದರೆ ಫಿಸಿಕಲ್ ಅಡ್ರೆಸ್‌ಗಳೆಲ್ಲ 98000000ರಿಂದ 99000000ರ ಒಳಗೇ. ಸರಿಯಾಗಿ 16 ಎಂಬಿ. ಚಿಪ್‌ನ ಕೈಪಿಡಿ ತೆಗೆದು ನೋಡಿದರೆ ಅದು ಸೆಕ್ಯೂರ್ ಫರ್ಮ್‌ವೇರ್ (ಲಿನಕ್ಸ್‌ನಿಂದ ಬೇರೆಯಾಗಿ ಓಡುವ ಭದ್ರತಾ ಕೋಡ್) ಕೂತಿರುವ ಜಾಗ, ಲಿನಕ್ಸ್ ಮುಟ್ಟದಂತೆ ಹಾರ್ಡ್‌ವೇರ್‌ನಲ್ಲೇ ಫೈರ್‌ವಾಲ್ ಹಾಕಿದ್ದಾರೆ.

ಖಚಿತ ಮಾಡಿಕೊಳ್ಳಲು ಕರ್ನಲ್ ಬಳಸುವ ಮೆಮೊರಿಗೆ ಮಿತಿ ಹಾಕುವ 'ಮೆಮ್=384ಎಂ' ಕೊಟ್ಟು ಬೂಟ್ ಮಾಡಿದೆ. 80000000ರಿಂದ 384 ಎಂಬಿ ಅಂದರೆ ಸರಿಯಾಗಿ 98000000ಕ್ಕೆ ಮುಗಿಯುತ್ತದೆ. ಬೋರ್ಡು ಅಲುಗಾಡದೆ ನಿಂತಿತು. 512 ಕೊಟ್ಟರೆ ಮತ್ತೆ ಕ್ರ್ಯಾಶ್.

ಹಳೇ ಕರ್ನಲ್ ಹೇಗೆ ಓಡುತ್ತಿತ್ತು? ಅದರಲ್ಲಿ ಬೋರ್ಡ್ ತಯಾರಕರ ಸ್ವಂತ ಪ್ಯಾಚ್ (ಕೋಡ್ ತಿದ್ದುಪಡಿ) ಒಂದು ಆ 16 ಎಂಬಿಯನ್ನು ಪಟ್ಟಿಯಿಂದ ತೆಗೆಯುತ್ತಿತ್ತು. ಹೊಸದಕ್ಕೆ ಅದು ಬಂದಿರಲಿಲ್ಲ. ಅದರ ಬದಲು ಡಿವೈಸ್ ಟ್ರೀಯ (ಬೋರ್ಡಿನ ಹಾರ್ಡ್‌ವೇರ್ ಅನ್ನು ಕರ್ನಲ್‌ಗೆ ವಿವರಿಸುವ ಫೈಲ್) ಮೆಮೊರಿ ನೋಡ್‌ನಲ್ಲೇ, ಅಂದರೆ ಮೆಮೊರಿ ವಿವರದ ಭಾಗದಲ್ಲೇ, ನಡುವೆ ಜಾಗ ಬಿಟ್ಟು ಎರಡು ತುಂಡಾಗಿ ಬರೆದಿದ್ದರು. ಓದಿದರೆ ಎಲ್ಲ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಯೂ-ಬೂಟ್ (ಕರ್ನಲ್ ಅನ್ನು ಲೋಡ್ ಮಾಡುವ ಬೂಟ್‌ಲೋಡರ್) ಕರ್ನಲ್‌ಗೆ ದಾರಿ ಬಿಡುವ ಮೊದಲು ಮೆಮೊರಿ ನೋಡ್ ಅನ್ನು ತಾನು ಕಂಡ ಪೂರ್ತಿ ರ್‍ಯಾಮ್ ಗಾತ್ರದಿಂದ ಮತ್ತೆ ಬರೆಯುತ್ತದೆ. ಬಿಟ್ಟ ಜಾಗ ಅಲ್ಲಿ ಮುಚ್ಚಿಹೋಗುತ್ತಿತ್ತು. ಇದಕ್ಕೇ ನಾನು ಡಿವೈಸ್ ಟ್ರೀ ಸೋರ್ಸ್ ಫೈಲ್ ಒಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಕರ್ನಲ್ ಕೈಗೆ ನಿಜಕ್ಕೂ ಏನು ಸಿಕ್ಕಿತು ಅನ್ನುವುದನ್ನು ಮೆಮ್‌ಬ್ಲಾಕ್ ಲಾಗ್‌ನಲ್ಲೇ ನೋಡುತ್ತೇನೆ.

ಇದನ್ನು ಹೇಳಲು ಸರಿಯಾದ ಜಾಗ ಡಿವೈಸ್ ಟ್ರೀಯ ರಿಸರ್ವ್ಡ್-ಮೆಮೊರಿ ನೋಡ್. ಅಲ್ಲಿ 98000000, 16 ಎಂಬಿ ಅಂತ ಸೇರಿಸಿದೆ, ಜೊತೆಗೆ 'ನೋ-ಮ್ಯಾಪ್'. ಈ ನೋ-ಮ್ಯಾಪ್ ಬಿಡಬಾರದು. ಬರೀ ರಿಸರ್ವ್ ಮಾಡಿದರೆ ಬಡಿ ಅಲೊಕೇಟರ್ ಆ ಪೇಜ್ ಯಾರಿಗೂ ಕೊಡುವುದಿಲ್ಲ, ನಿಜ. ಆದರೆ ಲೀನಿಯರ್ ಮ್ಯಾಪ್‌ನಲ್ಲಿ ಅದು ಇದ್ದೇ ಇರುತ್ತದೆ. ಸಿಪಿಯು ಮುಂದಾಲೋಚನೆಯಿಂದ ಪಕ್ಕದ ಅಡ್ರೆಸ್ ಓದಲು ಹೊರಟರೆ ಫೈರ್‌ವಾಲ್ ಮತ್ತೆ ತಡೆಯುತ್ತದೆ. ಆಗ ಬರುವ ದೋಷ ಅಪರೂಪದ್ದು, ಹುಡುಕುವುದು ಇನ್ನೂ ಕಷ್ಟ. ಇನ್ನೊಂದು ವಿಷಯ: ರಿಸರ್ವ್ಡ್-ಮೆಮೊರಿಯಲ್ಲಿ 'ರೇಂಜಸ್' ಅನ್ನುವ ಸಾಲು ಬಿಟ್ಟರೆ ಕರ್ನಲ್ ಒಂದೇ ಸಾಲಿನ ಎಚ್ಚರಿಕೆ ಕೊಟ್ಟು ಇಡೀ ನೋಡ್ ಕಡೆಗಣಿಸುತ್ತದೆ.

ಬೂಟ್ ಆಯಿತು ಅಂತ ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ, ಜಾಗ ಬದಲಿಸುವ ಕ್ರ್ಯಾಶ್ ಅದೃಷ್ಟದಿಂದಲೂ ಮರೆಯಾಗಬಹುದು. ಕರ್ನಲ್‌ನಲ್ಲೇ ಇರುವ ಮೆಮ್‌ಟೆಸ್ಟ್ ಆನ್ ಮಾಡಿದೆ. ಇದು ಬೂಟ್ ಹೊತ್ತಿನಲ್ಲಿ ಮೆಮ್‌ಬ್ಲಾಕ್ ಖಾಲಿ ಅಂದ ಜಾಗವನ್ನೆಲ್ಲ ಬರೆದು ಓದುತ್ತದೆ. ಡಿವೈಸ್ ಟ್ರೀಗೆ ನಾನು ಸೇರಿಸಿದ ಈ ಪ್ಯಾಚ್ ಇಲ್ಲದೆ ಓಡಿಸಿದರೆ ಕ್ರ್ಯಾಶ್ ತಪ್ಪುತ್ತಲೇ ಇರಲಿಲ್ಲ, ಅದೂ ಡ್ರೈವರ್‌ಗಳು ಏಳುವ ಮೊದಲೇ. ಪ್ಯಾಚ್ ಹಾಕಿದರೆ 98000000ಕ್ಕೆ ನಿಂತು, 99000000ರಿಂದ ಮತ್ತೆ ಶುರು ಮಾಡಿ, ರ್‍ಯಾಮ್‌ನ ಕೊನೆವರೆಗೂ ಹೋಗುತ್ತಿತ್ತು. ಈ ಎರಡೂ ಲಾಗ್ ಅನ್ನು ಪ್ಯಾಚ್ ವಿವರಣೆಗೆ ಸೇರಿಸಿ ಕಳಿಸಿದೆ.