ಡಬ್ಬಿಯೊಳಗೆ ಗುಂಡಿ, ತಲೆಯೊಳಗೆ ಏನು?

ಬೇರೆಯವರ ತಲೆಯಲ್ಲಿ ಏನಿದೆ ಅನ್ನುವುದನ್ನು ಪುಟ್ಟ ಮಕ್ಕಳು ಎಷ್ಟು ಊಹಿಸಬಲ್ಲರು ಅಂತ ಆಟವಾಡಿಸಿ ನೋಡುವುದು ನನ್ನ ಕೆಲಸ. ಸಾಮಾನು ಜಾಸ್ತಿ ಬೇಡ. ಒಂದು ಕ್ರೇಯಾನ್ ಡಬ್ಬಿ, ಒಳಗೆ ಅಂಗಿ ಗುಂಡಿಗಳು.

ಡಬ್ಬಿ ತೋರಿಸಿ ಏನಿದೆ ಅಂದರೆ ಎಲ್ಲರೂ "ಕ್ರೇಯಾನ್" ಅನ್ನುತ್ತಾರೆ. ತೆರೆದು ತೋರಿಸುತ್ತೇನೆ, ಜೋರು ನಗು. ಮತ್ತೆ ಮುಚ್ಚಿ, ಹೊರಗಿರುವ ಗೆಳೆಯನ ಬಗ್ಗೆ ಕೇಳುತ್ತೇನೆ. ಅವನು ಒಳಗೆ ನೋಡಿಲ್ಲ, ಏನಿದೆ ಅಂದುಕೊಳ್ಳುತ್ತಾನೆ? ಮೂರು ವರ್ಷದವರು ಬಹುತೇಕ "ಗುಂಡಿ" ಅನ್ನುತ್ತಾರೆ. ತಮಗೆ ಗೊತ್ತಾಯಿತಲ್ಲ, ಇನ್ನು ಊರಿಗೆಲ್ಲ ಗೊತ್ತು! ಇನ್ನೂ ಮಜಾ ಅಂದರೆ, "ಮೊದಲು ನೀನು ಏನು ಅಂದ್ಕೊಂಡಿದ್ದೆ?" ಅಂದರೂ ಹಲವರ ಉತ್ತರ ಗುಂಡಿಯೇ. ಒಂದು ನಿಮಿಷದ ಹಿಂದಿನ ತಮ್ಮ ತಪ್ಪು ಊಹೆಯೂ ಅವರಿಗೆ ಸಿಗುವುದಿಲ್ಲ. ನಾಲ್ಕು ದಾಟಿ ಐದರ ಹತ್ತಿರ ಬಂದವರಲ್ಲಿ ಹೆಚ್ಚಿನವರು ಸರಿಯಾಗಿ ಹೇಳುತ್ತಾರೆ.

ಈ ಬಗೆಯ ಪರೀಕ್ಷೆ 1983ರಲ್ಲಿ ಮನಶ್ಶಾಸ್ತ್ರಜ್ಞರಾದ ವಿಮ್ಮರ್ ಮತ್ತು ಪರ್ನರ್ ಮಾಡಿದ ಪ್ರಯೋಗದಿಂದ ಬಂದದ್ದು. 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಬೊಂಬೆಗಳನ್ನು ಇಟ್ಟುಕೊಂಡು ಮಾಡಿದರು. ಒಂದು ಬೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೋಗುತ್ತದೆ, ಇನ್ನೊಂದು ಅದನ್ನು ಪೆಟ್ಟಿಗೆಗೆ ಹಾಕುತ್ತದೆ. ವಾಪಸ್ ಬಂದವಳು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ತಪ್ಪು ಜಾಗ ತೋರಿಸಿದರು. ಆದರೆ ಆ ಸಂಶೋಧಕರು ಮಕ್ಕಳಿಗೆ ಇನ್ನೂ ಎರಡು ಪ್ರಶ್ನೆ ಕೇಳಿದ್ದರು: ಗೋಲಿ ಈಗ ಎಲ್ಲಿದೆ, ಮೊದಲು ಎಲ್ಲಿತ್ತು? ಮಗುವಿಗೆ ಕಥೆ ನೆನಪಿದೆಯೋ ಇಲ್ಲವೋ ಅನ್ನುವುದು ಇವುಗಳಿಂದ ಗೊತ್ತಾಗುತ್ತದೆ. ಶುರುವಿನಲ್ಲಿ ನಾನು ಇವೆರಡನ್ನೂ ಬಿಟ್ಟುಬಿಡುತ್ತಿದ್ದೆ. ಟೈಮ್ ಉಳಿಯುತ್ತೆ ಅಂತ.

ನನಗೆ ಸರಿಯಾಗಿ ಏಟು ಬಿದ್ದದ್ದು ಒಂದು ಪುಟ್ಟ ಹುಡುಗಿಯಿಂದ. "ಅವನು ಏನು ಅಂದ್ಕೋತಾನೆ?" ಅಂದೆ. "ಏನೂ ಅನ್ನಲ್ಲ, ಅವನು ಇಲ್ಲೇ ಇಲ್ವಲ್ಲ" ಅಂದಳು. ತಪ್ಪು ಅಂತ ಗುರುತು ಹಾಕಿದೆ. ರಾತ್ರಿ ಹೊಳೆಯಿತು. ನಮ್ಮ ಮಾತಿನಲ್ಲಿ 'ಅಂದುಕೊಳ್ಳು' ಅಂದರೆ ತನಗೆ ತಾನೇ ಅನ್ನುವುದು, ಅಲ್ವಾ? ಅವಳ ಕಿವಿಗೆ ಬಿದ್ದದ್ದು 'ಅನ್ನು' ಮಾತ್ರ. ಮಾರನೇ ದಿನ ಅವಳೆದುರೇ ಕ್ರೇಯಾನ್‌ಗಳನ್ನು ಚೀಲಕ್ಕೆ ಹಾಕಿ, "ಅವನು ಬಂದು ಕ್ರೇಯಾನ್ ಮೊದಲು ಎಲ್ಲಿ ಹುಡುಕ್ತಾನೆ?" ಅಂದೆ. ತಟ್ಟನೆ ಡಬ್ಬಿ ತೋರಿಸಿದಳು. 'ಮೊದಲು' ಅನ್ನುವ ಒಂದೇ ಪದ ಸೇರಿಸಿದರೆ ಮೂರು ವರ್ಷದವರೂ ಹೆಚ್ಚು ಸರಿ ಹೇಳುತ್ತಾರೆ ಅಂತ ಸೀಗಲ್ ಮತ್ತು ಬೀಟಿ 1991ರಲ್ಲೇ ತೋರಿಸಿದ್ದರು. ಓದಿದ್ದೆ, ಮರೆತಿದ್ದೆ.

ಅಲ್ಲಿಂದ ನನ್ನ ಹಾಳೆಯಲ್ಲಿ ಸರಿ, ತಪ್ಪು ಜೊತೆ 'ಯಾಕೆ' ಅಂತ ಇನ್ನೊಂದು ಕಾಲಂ ಇದೆ. ಮೊನ್ನೆ ಐದು ವರ್ಷದ ಹುಡುಗನೊಬ್ಬ ಗೆಳೆಯನ ಪ್ರಶ್ನೆಗೆ "ಗುಂಡಿ" ಅಂದ. ಈ ವಯಸ್ಸಿಗೂ ಹೀಗಾ ಅಂತ ಪೆನ್ನು ಎತ್ತಿದವನು ಸುಮ್ನೆ "ಯಾಕೆ?" ಅಂದೆ.

"ನಿನ್ನೆ ಅವನ ಹತ್ರಾನೂ ಇದೇ ಆಟ ಆಡಿದ್ರಲ್ಲ ಸಾರ್."

ಹೌದು, ಆಡಿದ್ದೆ.