ಜೆಲ್ಲಾ, ಡಿಪ್ಪಾ, ಅಕ್ರಿಲಿಕ್ಕಾ? ತೆಗೆಯುವ ದಿನದಿಂದ ಲೆಕ್ಕ ಹಾಕಿ

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲು. ಎದುರು ಕೂತಿದ್ದ ಚಿಕ್ಕಮ್ಮನ ಮಗಳು ಕುಂಬಳೆ ದಾಟುವಾಗ ಹೆಬ್ಬೆರಳಿನ ಜೆಲ್ ಪಾಲಿಶನ್ನು ಸುಮ್ನೆ ಒಂದು ಬದಿಯಿಂದ ಎಬ್ಬಿಸಿದಳು. ಮಂಜೇಶ್ವರ ಬರುವಾಗ ಮೂರು ಬೆರಳು ಮುಗಿದಿತ್ತು. ಉಳ್ಳಾಲಕ್ಕೆ ಐದೂ ಖಾಲಿ. ಕಿತ್ತ ಸಿಪ್ಪೆಯ ಹಿಂದೆ ಬಿಳಿ ಪುಡಿಯಂಥದ್ದು ಅಂಟಿಕೊಂಡಿತ್ತು. ಅದು ಪಾಲಿಶ್ ಅಲ್ಲ, ಅವಳದೇ ಉಗುರಿನ ಮೇಲ್ಪದರ. ಮುಂದೆ ಎಷ್ಟೋ ದಿನ ಬಿಸಿ ಚಾ ಲೋಟ ಹಿಡಿದರೆ ಬೆರಳ ತುದಿ ಚುರ್ ಅನ್ನುತ್ತಿತ್ತು.

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಹೆಚ್ಚುಕಮ್ಮಿ 6 ತಿಂಗಳು. ಅರ್ಧ ಗಂಟೆಯ ರೈಲು ಪ್ರಯಾಣಕ್ಕೆ ಅರ್ಧ ವರ್ಷದ ದಂಡ! ಹಾಗಾಗಿ ಯಾವುದು ಜಾಸ್ತಿ ಚಂದ ಅಂತ ಆಮೇಲೆ ನೋಡಿ. ಯಾವುದನ್ನು ಸರಿಯಾಗಿ ತೆಗೆಯಲು ನಿಮ್ಮಿಂದ ಆಗುತ್ತದೆ ಅನ್ನುವುದನ್ನು ಮೊದಲು ನೋಡಿ.

ಹಂತ 1: ಎಷ್ಟು ದಿನಕ್ಕೆ ಬೇಕು?

ಒಂದು ದಿನದ ಮದುವೆಗಾದರೆ ಅಂಟಿಸುವ ಪ್ರೆಸ್-ಆನ್ ಉಗುರು ಸಾಕು. ಎರಡು ವಾರಕ್ಕೆ ಜೆಲ್ ಪಾಲಿಶ್. ಮೂರು ವಾರ, ಅದಕ್ಕೂ ಮೇಲೆ ಬೇಕಾದರೆ ಮಾತ್ರ ಉಳಿದವುಗಳ ಯೋಚನೆ ಮಾಡಿ.

ಹಂತ 2: ನಿಮ್ಮ ಕೈಗೆ ಏನು ಕೆಲಸ?

ಪಾರ್ಲರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಅಡಿಕೆ ಸುಲಿಯುವವರು, ತೆಂಗಿನಕಾಯಿ ತುರಿಯುವವರು ಉದ್ದ ಅಕ್ರಿಲಿಕ್ ಹಾಕಿಸಲೇಬೇಡಿ. ಉದ್ದ ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅದೊಂದೇ ಮುರಿಯುವುದಿಲ್ಲ, ಕೆಳಗಿನ ನಿಮ್ಮ ಉಗುರನ್ನೂ ಎತ್ತಿಕೊಂಡು ಬರುತ್ತದೆ. ದಿನಾ ಅರಸಿನ ಮುಟ್ಟುವವರಿಗೆ ತಿಳಿ ಗುಲಾಬಿ, ಬಿಳಿ ಬಣ್ಣ ಬೇಡ. ಒಂದು ಊಟ ಬಡಿಸುವಷ್ಟರಲ್ಲಿ ಹಳದಿ ಹಿಡಿಯುತ್ತದೆ. ಕಡು ಕೆಂಪು, ಕಂದು ಒಳ್ಳೆಯದು.

ನಮಾಜು ಮಾಡುವ ನನ್ನ ಗೆಳತಿಯರು ಇದ್ಯಾವುದನ್ನೂ ಹಾಕಿಸುವುದಿಲ್ಲ. ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಳು ಮಾಡುವಾಗ ನೀರು ಉಗುರಿಗೆ ತಾಗಬೇಕು, ಪದರ ಇದ್ದರೆ ತಾಗುವುದಿಲ್ಲ. ಅವರಿಗೆ ಮದರಂಗಿಯೇ ಸರಿ. ಅದು ಬಣ್ಣ ಬಿಡುತ್ತದೆ, ಪದರ ಕಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚು ದಿನ ಬಾಳುವುದೂ ಅದೇ.

ಸೀಮಂತಕ್ಕೆ ಉಗುರು ಮಾಡಿಸುವವರು ಜೆಲ್ಲಿಗಿಂತ ಮುಂದೆ ಹೋಗಬೇಡಿ. ಆಪರೇಷನ್ ಆಗಬೇಕಾಗಿ ಬಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ದಪ್ಪ ಬಣ್ಣ ಅಡ್ಡಿ. ಆಸ್ಪತ್ರೆಯಲ್ಲಿ ತೆಗೆದು ಬನ್ನಿ ಅನ್ನುತ್ತಾರೆ. ನೋವು ಶುರುವಾದ ಮೇಲೆ ಯಾರು ತೆಗೆಯುವುದು?

ಹಂತ 3: ನಾಲ್ಕರಲ್ಲಿ ಒಂದು

ಜೆಲ್ ಪಾಲಿಶ್: ಬಾಟಲಿಯಿಂದ ಮಾಮೂಲು ಪಾಲಿಶಿನ ಹಾಗೆ ಹಚ್ಚಿ, ಪ್ರತಿ ಪದರವನ್ನೂ ದೀಪದ ಕೆಳಗೆ ಗಟ್ಟಿ ಮಾಡುತ್ತಾರೆ. ಎಲ್‌ಇಡಿ ದೀಪವಾದರೆ 30ರಿಂದ 60 ಸೆಕೆಂಡ್. ಪಾಲಿಶ್ ತೆಗೆಯುವ ದ್ರವವಾದ ಅಸಿಟೋನಿಗೆ ಕರಗುತ್ತದೆ. ಮೊದಲ ಸಲ ಹಾಕಿಸುವವರು ಕಣ್ಣು ಮುಚ್ಚಿ ಇದನ್ನೇ ಆರಿಸಿ.

ಡಿಪ್ ಪೌಡರ್: ದೀಪ ಬೇಡ. ಸೂಪರ್‌ಗ್ಲೂ ಜಾತಿಯದೇ ಒಂದು ಅಂಟು ಹಚ್ಚಿ ಬೆರಳನ್ನು ಬಣ್ಣದ ಪುಡಿಗೆ ಅದ್ದುತ್ತಾರೆ. ಮೂರು ವಾರ ಆರಾಮ. ಆದರೆ ಹತ್ತು ಜನರ ಬೆರಳು ಹೋದ ಡಬ್ಬಕ್ಕೇ ನಿಮ್ಮದೂ ಹೋಗಬೇಕಾ? ಪುಡಿಯನ್ನು ಚಮಚದಲ್ಲಿ ಮೇಲಿಂದ ಉದುರಿಸಲು ಹೇಳಿ. ಒಪ್ಪದಿದ್ದರೆ ಎದ್ದು ಬನ್ನಿ.

ಅಕ್ರಿಲಿಕ್: ದ್ರವ ಮತ್ತು ಪುಡಿ ಕಲಸಿ ಉಗುರಿನ ಮೇಲೆಯೇ ಕಟ್ಟುವುದು. ಎಲ್ಲಕ್ಕಿಂತ ಗಟ್ಟಿ, ಉದ್ದ ಬೇಕಾದವರಿಗೆ. ದ್ರವದಲ್ಲಿ ಇಎಂಎ (ಈಥೈಲ್ ಮೆಥಾಕ್ರಿಲೇಟ್) ಎಂಬ ರಾಸಾಯನಿಕ ಇರಬೇಕು, ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಇರಬಾರದು. ಬರೀ ಎಂಎಂಎ ಇರುವ ಉಗುರಿನ ದ್ರವವನ್ನು ಅಮೆರಿಕದಲ್ಲಿ 1970ರ ದಶಕದಲ್ಲೇ ಮಾರುಕಟ್ಟೆಯಿಂದ ತೆಗೆಸಿದ್ದರು. ಅಗ್ಗ ಅಂತ ಈಗಲೂ ಬಳಸುವವರಿದ್ದಾರೆ. ಮೂಗು ಸುಡುವ ವಾಸನೆ, ಅರದಿಂದ ಉಜ್ಜಿದರೂ ಸವೆಯದ ಗಡಸು, ಅಸಿಟೋನಿಗೂ ಜಗ್ಗದ ಹಠ, ಇವು ಗುರುತು.

ಬಿಲ್ಡರ್ ಜೆಲ್: ದಪ್ಪ ಜೆಲ್, ತೆಳು ಉಗುರಿನವರಿಗೆ ಒಳ್ಳೆಯ ಆಸರೆ. ಮೂರ್ನಾಲ್ಕು ವಾರಕ್ಕೊಮ್ಮೆ ಬುಡದಲ್ಲಿ ತುಂಬಿಸಿಕೊಳ್ಳಬೇಕು. ಇದರಲ್ಲಿ ಎರಡು ಬಗೆ. ಒಂದು ಅಸಿಟೋನಿಗೆ ಕರಗುತ್ತದೆ. ಇನ್ನೊಂದು ಕರಗುವುದೇ ಇಲ್ಲ, ಅರದಿಂದ ಉಜ್ಜಿಯೇ ತೆಗೆಯಬೇಕು. ಯಾವುದು ಅಂತ ಹಾಕುವ ಮೊದಲೇ ಕೇಳಿ. ಮಂಗಳೂರಿನ ಮಾಲ್‌ನಲ್ಲಿ ಹಾಕಿಸಿ, ತೆಗೆಸಲು ಮುಳ್ಳೇರಿಯದಿಂದ ಮತ್ತೆ ಬಸ್ ಹತ್ತುವ ಕಷ್ಟ ಬೇಡ ಅಲ್ವಾ?

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕಿಟ್ಟಿನ ಬಗ್ಗೆ ಒಂದು ಮಾತು: ತರಿಸಬೇಡಿ. ಪುಟ್ಟ ದೀಪಕ್ಕೆ ಜೆಲ್ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ. ಹಸಿ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದ್ದು ಸಾಮಾನ್ಯವಾಗಿ ಹೋಗುವುದಿಲ್ಲ. ಅದೇ ಜಾತಿಯ ವಸ್ತು ಹಲ್ಲಿನ ಫಿಲ್ಲಿಂಗಿನಲ್ಲೂ ಇರುತ್ತದೆ, ನೆನಪಿಡಿ. ಟಿಪಿಒ ಎಂಬ ರಾಸಾಯನಿಕ ಇರುವ ಜೆಲ್ಲನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಬಾಟಲಿ ತಿರುಗಿಸಿ ಓದಿ.

ಹಂತ 4: ಕುರ್ಚಿಯಲ್ಲಿ ಕೂತ ಮೇಲೆ

ದೀಪದ ಕೆಳಗೆ ಉರಿದರೆ ಕೈ ಹೊರಗೆ ತೆಗೆಯಿರಿ, ಮರ್ಯಾದೆಗೆ ಸಹಿಸಬೇಡಿ. ಪದರ ದಪ್ಪವಾಗಿದೆ ಅಂತ ಅರ್ಥ. ಬುಡದ ಚರ್ಮದ ಮೇಲೆ ಜೆಲ್ ಹರಿದರೆ ಆಗಲೇ ಒರೆಸಲು ಹೇಳಿ. ದೀಪದಲ್ಲಿ ಅತಿನೇರಳೆ (ಯುವಿ) ಕಿರಣ ಇರುವುದರಿಂದ ಕೈಗೆ ಮೊದಲೇ ಸನ್‌ಸ್ಕ್ರೀನ್ ಹಚ್ಚಿಕೊಂಡು ಹೋಗಿ, ಉಗುರಿಗೆ ಮಾತ್ರ ತಾಗಬಾರದು.

ಹಂತ 5: ತೆಗೆಯುವುದು

ಎಲ್ಲರೂ ಎಡವುವುದು ಇಲ್ಲೇ. ಬೇಕಾದ್ದು ಇಷ್ಟು: ಅಪ್ಪಟ ಅಸಿಟೋನ್, ಹತ್ತಿ, ಅಲ್ಯೂಮಿನಿಯಂ ಫಾಯಿಲ್, ಉಗುರಿನ ಅರ, ಚಪ್ಪಟೆ ತುದಿಯ ಮರದ ಕಡ್ಡಿ, ತೆಂಗಿನೆಣ್ಣೆ. ‘ಅಸಿಟೋನ್ ಇಲ್ಲ’ ಅಂತ ಬರೆದ ರಿಮೂವರಿಗೆ ದುಡ್ಡು ಹಾಕಬೇಡಿ, ಜೆಲ್ ಅದಕ್ಕೆ ಕ್ಯಾರೇ ಅನ್ನುವುದಿಲ್ಲ.

ಮೊದಲು ಮೇಲಿನ ಹೊಳಪನ್ನು ಅರದಿಂದ ಉಜ್ಜಿ ಮಂಕು ಮಾಡಿ. ಹೊಳಪು ಇರುವವರೆಗೆ ಅಸಿಟೋನ್ ಒಳಗೆ ಇಳಿಯುವುದಿಲ್ಲ. ಹೆಚ್ಚಿನವರು ಇದನ್ನು ಬಿಟ್ಟು, ಆಮೇಲೆ ಕರಗಲಿಲ್ಲ ಅಂತ ಕೆರೆಯುತ್ತಾರೆ. ಬಣ್ಣ ಕಾಣುವವರೆಗೆ ಮಾತ್ರ ಉಜ್ಜಿ, ಉಗುರು ಕಾಣುವವರೆಗೆ ಅಲ್ಲ.

ಉಗುರಿನ ಸುತ್ತ ಚರ್ಮಕ್ಕೆ ತೆಂಗಿನೆಣ್ಣೆ ಹಚ್ಚಿ. ಹತ್ತಿಯನ್ನು ಉಗುರಿನಷ್ಟೇ ಅಗಲಕ್ಕೆ ಹರಿದು ಅಸಿಟೋನಿನಲ್ಲಿ ಅದ್ದಿ ಇಡಿ. ಮೇಲಿಂದ ಫಾಯಿಲ್ ಬಿಗಿಯಾಗಿ ಸುತ್ತಿ. ಒಂದು ಕೈ ಮುಗಿಸಿದ ಮೇಲೆಯೇ ಇನ್ನೊಂದು. ಎರಡಕ್ಕೂ ಒಟ್ಟಿಗೆ ಸುತ್ತಿಕೊಂಡು ಫೋನ್ ಎತ್ತಲಾಗದೆ ಕೂತವರನ್ನು ಕಂಡಿದ್ದೇನೆ.

ಜೆಲ್ಲಿಗೆ 10ರಿಂದ 15 ನಿಮಿಷ. ಡಿಪ್ಪಿಗೆ ಸ್ವಲ್ಪ ಜಾಸ್ತಿ. ಅಕ್ರಿಲಿಕ್ಕಿಗೆ ಅರ್ಧ ಗಂಟೆಯೂ ಆದೀತು. ಬೇಗ ಆಗಲಿ ಅಂದರೆ ಸುತ್ತಿದ ಕೈಯ ಮೇಲೆ ಬೆಚ್ಚಗಿನ ಟವೆಲ್ ಹಾಕಿ. ಅಸಿಟೋನನ್ನು ಮಾತ್ರ ಒಲೆಯ ಹತ್ತಿರ ಒಯ್ಯಬೇಡಿ, ಅದರ ಆವಿಗೇ ಬೆಂಕಿ ಹತ್ತುತ್ತದೆ. ದೇವರ ದೀಪವೂ ಬೆಂಕಿಯೇ. ಕಿಟಕಿ ತೆರೆದಿರಲಿ. ಸ್ಟೀಲ್ ಬಟ್ಟಲಲ್ಲೇ ಸುರಿಯಿರಿ, ಕೆಲವು ಪ್ಲಾಸ್ಟಿಕ್ ಕರಗಿಹೋಗುತ್ತದೆ.

ಫಾಯಿಲ್ ಬಿಚ್ಚಿದಾಗ ಜೆಲ್ ಸುಕ್ಕುಗಟ್ಟಿ ಎದ್ದಿರಬೇಕು. ಕಡ್ಡಿಯಿಂದ ಬುಡದ ಕಡೆಯಿಂದ ತುದಿಗೆ ಮೆಲ್ಲ ತಳ್ಳಿ. ಹಲಸಿನ ಮೇಣ ತೆಗೆಯುವಾಗ ಇರುವ ತಾಳ್ಮೆ ಇಲ್ಲೂ ಇರಲಿ. ಬಾರದಿದ್ದರೆ ಬಲ ಹಾಕಬೇಡಿ, ಹೊಸ ಹತ್ತಿ ಇಟ್ಟು ಇನ್ನೈದು ನಿಮಿಷ ಸುತ್ತಿ. ಎಲ್ಲ ಹೋದ ಮೇಲೆ ಸೋಪಿನಿಂದ ಕೈ ತೊಳೆದು ಎಣ್ಣೆ ಹಚ್ಚಿ.

ಉಗುರಿಗೆ ‘ಉಸಿರಾಡಲು’ ಎರಡು ವಾರ ಬಿಡಿ ಅನ್ನುವವರಿದ್ದಾರೆ. ಉಗುರು ಉಸಿರಾಡುವುದಿಲ್ಲ, ಅದಕ್ಕೆ ಬೇಕಾದ್ದೆಲ್ಲ ಬುಡದ ರಕ್ತದಿಂದ ಬರುತ್ತದೆ. ಉಗುರು ತೆಳುವಾಗಿದ್ದರೆ, ನೋಯುತ್ತಿದ್ದರೆ ಮಾತ್ರ ಬಿಡುವು ಕೊಡಿ.

ಮಳೆಗಾಲದಲ್ಲಿ ಅಂಚು ಎದ್ದರೆ ತಡ ಮಾಡಬೇಡಿ. ಅಡಿಯಲ್ಲಿ ನೀರು ನಿಂತರೆ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಅದರ ಮೇಲೆ ಹೊಸ ಬಣ್ಣ ಹಾಕಿ ಮುಚ್ಚುವ ಪಾರ್ಲರಿನಿಂದ ದೂರ ಇರಿ.

ದಾರಿಯಲ್ಲಿರುವಾಗ ಎದ್ದರೆ? ಎದ್ದಷ್ಟನ್ನು ಮಾತ್ರ ನೈಲ್ ಕಟರಿನಿಂದ ಕತ್ತರಿಸಿ, ಬೆರಳ ತುದಿಗೆ ಬ್ಯಾಂಡೇಜ್ ಸುತ್ತಿ. ನಮ್ಮ ಹುಡುಗಿ ಈಗ ಬ್ಯಾಗಿನಲ್ಲಿ ಎರಡನ್ನೂ ಇಟ್ಟುಕೊಂಡೇ ರೈಲು ಹತ್ತುತ್ತಾಳೆ. ಆದರೂ ಕುಂಬಳೆ ದಾಟಿದ ಮೇಲೆ ನಾನು ಅವಳ ಕೈಗಳ ಮೇಲೊಂದು ಕಣ್ಣಿಟ್ಟಿರುತ್ತೇನೆ.