ವಿಡಿಯೋ ಕಾಲ್ ಮಧ್ಯೆ ಬರುತ್ತಿದ್ದ ನೀಲಿ ಪರದೆ ನಿಂತಿತು

ಪುಣೆಯ ಕೊಥ್ರೂಡ್‌ನಲ್ಲಿ ನಮ್ಮ ಮನೆ. ಧಾರವಾಡದ ಅವ್ವನ ಜೊತೆ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಲ್ಯಾಪ್‌ಟಾಪ್‌ಗೆ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿತ್ತು. ರ್‍ಯಾಮ್ (ಮೆಮೊರಿ ಚಿಪ್) ಹೋಗಿದೆ ಅಂದರು ರಿಪೇರಿಯವರು. ನನಗೆ ನಂಬಿಕೆ ಬರಲಿಲ್ಲ. ವೈ-ಫೈ ಆಫ್ ಮಾಡಿ ಸಿನಿಮಾ ನೋಡಿದರೆ ಏನೂ ಆಗುತ್ತಿರಲಿಲ್ಲ ಅಲ್ವಾ?

ಮುಂದಿನ ಸಲ ಪರದೆಯ ಫೋಟೋ ತೆಗೆದೆ. 'ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್' ಎಂದಿತ್ತು. ಅಂದರೆ, ಯಾವುದೋ ಡ್ರೈವರ್ (ವೈ-ಫೈನಂಥ ಭಾಗವನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್) ಮುಟ್ಟಬಾರದ ಹೊತ್ತಲ್ಲಿ ಮೆಮೊರಿ ಮುಟ್ಟಿದೆ. ಕೆಳಗೇ ವೈ-ಫೈ ಡ್ರೈವರ್ ಫೈಲಿನ ಹೆಸರು! ಡಿವೈಸ್ ಮ್ಯಾನೇಜರ್‌ನಲ್ಲಿ (ಲ್ಯಾಪ್‌ಟಾಪ್‌ನ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್ ಕಿಟಕಿ) ಆ ಡ್ರೈವರ್‌ನ ತಾರೀಖು ನೋಡಿದೆ: 2018. ವಿಂಡೋಸ್ ಮಾತ್ರ ಅದಕ್ಕಿಂತ ಹೊಸದು, 11.

'ಅಪ್‌ಡೇಟ್ ಡ್ರೈವರ್' ಒತ್ತಿದರೆ ಇರುವುದೇ ಸರಿ ಅಂತು. ಅದನ್ನೇ ನಂಬಿ ಸುಮ್ನೆ ಕೂರಬೇಡಿ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನನ್ನ ಮಾಡೆಲ್‌ನದೇ ಡ್ರೈವರ್ ಇಳಿಸಿಕೊಂಡೆ. ಹಳೆಯದನ್ನು ತೆಗೆದು ಹೊಸದು ಹಾಕಿದೆ.

ನಿನ್ನೆ ಅವ್ವ ಒಂದೂವರೆ ತಾಸು ಮಾತಾಡಿದಳು. ಒಮ್ಮೆಯೂ ಕಟ್ ಆಗಲಿಲ್ಲ.